‘ಡಾಕ್ಟರ್ ಹೂ’ ಜಗಳ ಇಂದು ನಿನ್ನೆಯದಲ್ಲ

ಮಾನ್ಯ ಸಂಪಾದಕರೇ,

ಡಾಕ್ಟರ್ ಎಂಬ ಅನ್ಯಗ್ರಹದವನೊಬ್ಬ ಯಂತ್ರವೇರಿ ಕಾಲದಲ್ಲಿ ಹಿಂದೆ ಮುಂದೆ ಸುತ್ತುವ ಕಥೆಯಾದ, ಬ್ರಿಟನ್ನಿನ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ವೀಕ್ಷಕರು ಇಬ್ಭಾಗವಾಗಿರುವ ಬಗ್ಗೆ ನಿಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಈಚಿನ ವರ್ಷಗಳಲ್ಲಿ ಕಥೆಯೊಳಗೆ ನುಗ್ಗಿದ ರಾಜಕೀಯವೇ ಈ ಒಡಕಿಗೆ ಕಾರಣ, ಅದಕ್ಕೆ ಮುಂಚೆ ಎಲ್ಲರೂ ಒಂದೇ ಮನಸ್ಸಿನಿಂದ ನೋಡಿ ಮೆಚ್ಚುತ್ತಿದ್ದರು ಎಂಬ ಧಾಟಿಯಲ್ಲಿ ಲೇಖನ ಸಾಗುತ್ತದೆ. ಈ ಧಾರಾವಾಹಿಯನ್ನು ಹಳೆಯದು ಹೊಸದೆನ್ನದೆ ಹಲವು ವರ್ಷಗಳಿಂದ ನೋಡುತ್ತ, ಅದರ ಚರಿತ್ರೆಯನ್ನೂ ಓದುತ್ತ ಬಂದವನಾದ ನನಗೆ ಈ ವಿವರಣೆ ಅರೆಬರೆ ಎನ್ನಿಸಿತು. ಎಲ್ಲರೂ ಒಪ್ಪಿ ನೋಡಿದ ಕಾಲ ಎಂಬುದು ಈ ಧಾರಾವಾಹಿಗೆ ಇರಲೇ ಇಲ್ಲ. ಮೊದಲ ಕಥೆ ಮುಗಿದು ಎರಡನೆಯದು ತೆರೆಗೆ ಬರುವಷ್ಟರಲ್ಲೇ ಮೊದಲ ಜಗಳವೂ ಆಗಿಹೋಗಿತ್ತು. ಅದೂ ವೀಕ್ಷಕರ ನಡುವೆಯಲ್ಲ, ಅದನ್ನು ರೂಪಿಸಿದವರ ನಡುವೆಯೇ.

1963ರ ನವೆಂಬರ್ 23ರ ಶನಿವಾರ ಸಂಜೆ ಮೊದಲ ಕಂತು ಪ್ರಸಾರವಾಯಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿದ್ದರಿಂದ ಜನರ ಮನಸ್ಸು ಬೇರೆಡೆ ಇತ್ತು. ಹಾಗಾಗಿ ಮುಂದಿನ ವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನೇ ಮತ್ತೊಮ್ಮೆ ತೋರಿಸಿದರು. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ, ಕೆನಡಾ ಮೂಲದ ಸಿಡ್ನಿ ನ್ಯೂಮನ್ ಅವರ ಕಲ್ಪನೆ ಸರಳವಾಗಿತ್ತು. ಕಾಲದಲ್ಲಿ ಹಿಂದಕ್ಕೆ ಹೋದರೆ ಇತಿಹಾಸ, ಮುಂದಕ್ಕೆ ಹೋದರೆ ವಿಜ್ಞಾನ. ಮಕ್ಕಳಿಗೆ ಪಾಠವೂ ಆಯಿತು, ಮನೆಮಂದಿಗೆಲ್ಲ ಕಥೆಯೂ ಆಯಿತು. ಡಾಕ್ಟರ್‌ನ ಮೊದಲ ಸಹಪ್ರಯಾಣಿಕರಲ್ಲಿ ಒಬ್ಬರು ವಿಜ್ಞಾನದ ಮೇಷ್ಟ್ರು, ಇನ್ನೊಬ್ಬರು ಇತಿಹಾಸದ ಅಧ್ಯಾಪಕಿ ಆಗಿದ್ದುದು ಅದಕ್ಕಾಗಿಯೇ. ಉಬ್ಬುಗಣ್ಣಿನ ರಾಕ್ಷಸರು ಮಾತ್ರ ಬೇಡವೇ ಬೇಡ ಎಂಬುದು ನ್ಯೂಮನ್ ಅವರ ಕಟ್ಟಪ್ಪಣೆ. ಆದರೆ ಆಗಿನ್ನೂ 27ರ ಹರೆಯದ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಟೆರ್ರಿ ನೇಷನ್ ಬರೆದ ಡಾಲೆಕ್‌ಗಳ ಕಥೆಯನ್ನು ತೆರೆಗೆ ತಂದೇಬಿಟ್ಟರು. ನ್ಯೂಮನ್ ಕೆಂಡವಾದರು. ಇವು ರಾಕ್ಷಸರಲ್ಲ, ಅಣುಯುದ್ಧದಲ್ಲಿ ಹಾಳಾದ ಲೋಕವೊಂದರಲ್ಲಿ ಲೋಹದ ಚಿಪ್ಪಿನೊಳಗೆ ಉಳಿದುಕೊಂಡ ಜೀವಿಗಳು ಎಂದು ಲ್ಯಾಂಬರ್ಟ್ ಸಮರ್ಥಿಸಿಕೊಳ್ಳಬೇಕಾಯಿತು. ಮೊದಲ ಕಂತನ್ನು ನೋಡಿದವರು 44 ಲಕ್ಷ ಜನ. ಡಾಲೆಕ್ ಕಥೆ ಮುಗಿಯುವ ಹೊತ್ತಿಗೆ ಆ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ಯಾರು ಗೆದ್ದರೆಂದು ಬೇರೆ ಹೇಳಬೇಕಿಲ್ಲ. (ಆ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ. ಲೇಖನದಲ್ಲಿ ಆ ಹೆಸರು ಕಾಣದ್ದರಿಂದ ಇಲ್ಲಿ ನೆನಪಿಸುತ್ತಿದ್ದೇನೆ.)

ಪಾಠ ಹೇಳುವ ಧಾರಾವಾಹಿಯೋ ಹೆದರಿಸುವ ಧಾರಾವಾಹಿಯೋ ಎಂಬ ಪ್ರಶ್ನೆ ಅಂದು ಇತ್ಯರ್ಥವಾಗದೆ ಉಳಿಯಿತು. ಮಾರ್ಕೊ ಪೋಲೊನ ಪಯಣದ ಕಥೆ, ಅಜ್ಟೆಕ್ ಜನರ ಕಥೆ ಇವೆಲ್ಲ 1964ರಲ್ಲಿ ಬಂದವು. ಅವುಗಳಲ್ಲಿ ಅನ್ಯಗ್ರಹದ ಪ್ರಾಣಿಯೊಂದೂ ಇರಲಿಲ್ಲ. 1967ರ ಹೊತ್ತಿಗೆ ಅಂಥ ಶುದ್ಧ ಇತಿಹಾಸದ ಕಥೆಗಳು ಹೆಚ್ಚುಕಡಿಮೆ ನಿಂತೇಹೋದವು. ಅವನ್ನು ಇಷ್ಟಪಟ್ಟವರ ಪಾಲಿಗೆ ಈ ಧಾರಾವಾಹಿ ಕೆಟ್ಟದ್ದು ಆಗಲೇ.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. 1966ರಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಿತ್ತು. ಬೇರೆ ಧಾರಾವಾಹಿಯಾಗಿದ್ದರೆ ನಾಯಕ ಸತ್ತನೆಂದು ಕಥೆ ಮುಗಿಸುತ್ತಿದ್ದರು, ಇಲ್ಲವೇ ಸದ್ದಿಲ್ಲದೆ ಇನ್ನೊಬ್ಬ ನಟನನ್ನು ತಂದು ಕೂರಿಸುತ್ತಿದ್ದರು. ಇಲ್ಲಿ ಎರಡನ್ನೂ ಮಾಡಲಿಲ್ಲ. ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ಮುದುಕ ಡಾಕ್ಟರ್ ತನ್ನ ಯಂತ್ರದೊಳಗೆ ತಡವರಿಸುತ್ತ ಬಂದು ನೆಲಕ್ಕೆ ಕುಸಿಯುತ್ತಾನೆ. ಮುಖದ ಮೇಲೆ ಕಣ್ಣು ಕೋರೈಸುವ ಬೆಳಕು ಹರಡುತ್ತದೆ. ಬೆಳಕು ಇಳಿದಾಗ ಅಲ್ಲಿ ಮಲಗಿರುವವರು ಪ್ಯಾಟ್ರಿಕ್ ಟ್ರೌಟನ್. ನಮ್ಮ ಕಥೆಗಳ ಪರಕಾಯ ಪ್ರವೇಶಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಜೀವ ಅದೇ, ಕಾಯ ಇನ್ನೊಬ್ಬರದು. ಇಲ್ಲಿ ಕಾಯವೂ ತನ್ನದೇ, ಆದರೆ ಅದು ಹೊಸದಾದಾಗ ಸ್ವಭಾವವೂ ಬದಲಾಗಿರುತ್ತದೆ, ನೆನಪು ಮಾತ್ರ ಹಳೆಯದು. ರೀಜನರೇಷನ್ ಎಂಬ ಹೆಸರು ಇದಕ್ಕೆ ಅಂಟಿಕೊಂಡಿದ್ದು 1974ರಲ್ಲಿ. ಟ್ರೌಟನ್ ಬಂದಾಗ ಬಿಬಿಸಿ ತಾನೇ ನಡೆಸಿದ ವೀಕ್ಷಕರ ಸಮೀಕ್ಷೆಯಲ್ಲಿ, ಗಂಭೀರ ವಿಜ್ಞಾನಿಯನ್ನು ವಿದೂಷಕನನ್ನಾಗಿ ಮಾಡಿದಿರಿ ಎಂದು ಕೆಲವರು ಗೊಣಗಿದ್ದರು. ಇಂದು ಟ್ರೌಟನ್ ಅವರನ್ನು ಅತ್ಯುತ್ತಮ ಡಾಕ್ಟರ್‌ಗಳಲ್ಲಿ ಒಬ್ಬರೆಂದು ಅಭಿಮಾನಿಗಳು ಎಣಿಸುತ್ತಾರೆ.

ಅಂದು ಒಬ್ಬ ನಟನ ಅನಾರೋಗ್ಯಕ್ಕೆ ಹುಡುಕಿದ ಉಪಾಯವೇ ಮುಂದೆ ವೀಕ್ಷಕರನ್ನು ಒಡೆಯುವ ಉಪಕರಣವೂ ಆಯಿತು ಎಂಬುದು ನನ್ನ ವಾದ. ನಟ ಬದಲಾದಾಗ ನಟ ಮಾತ್ರ ಬದಲಾಗುವುದಿಲ್ಲ. 1970ರಲ್ಲಿ ಜಾನ್ ಪರ್ಟ್‌ವೀ ಬಂದಾಗ ಕಪ್ಪುಬಿಳುಪು ಹೋಗಿ ಬಣ್ಣ ಬಂತು. ಖರ್ಚು ಹಿಡಿತದಲ್ಲಿರಲೆಂದು ಡಾಕ್ಟರ್‌ನನ್ನು ಭೂಮಿಗೇ ಗಡೀಪಾರು ಮಾಡಿ ಸೈನಿಕರ ಜೊತೆ ಕೆಲಸಕ್ಕೆ ಹಚ್ಚಿದರು. 1974ರಲ್ಲಿ ಟಾಮ್ ಬೇಕರ್ ಬಂದ ಮೇಲೆ ಮೊದಲು ಹಳೆಯ ಭೂತಬಂಗಲೆ ಕಥೆಗಳ ನೆರಳು, ಆಮೇಲೆ ಹಾಸ್ಯ. 25 ನಿಮಿಷದ ಕಂತುಗಳು ಕುತೂಹಲದ ತುದಿಯಲ್ಲಿ ನಿಂತು ಮುಂದಿನ ಶನಿವಾರಕ್ಕೆ ಕಾಯಿಸುತ್ತಿದ್ದ ರೀತಿ ಹೋಗಿ, ನಡುವೆ ನಿಂತುಹೋಗಿದ್ದ ಧಾರಾವಾಹಿ 2005ರಲ್ಲಿ ಮರಳಿದ ಮೇಲೆ 45 ನಿಮಿಷಕ್ಕೆ ಒಂದು ಕಥೆ ಮುಗಿಯತೊಡಗಿತು. ಹೀಗೆ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ಧಾರಾವಾಹಿಗಳು ಬಂದುಹೋಗಿವೆ. ಎಂಟು ವರ್ಷದ ಮಗು ಯಾವುದನ್ನು ಮೊದಲು ನೋಡಿತೋ ಅದೇ ಅದರ ಪಾಲಿಗೆ ಮೂಲ, ಉಳಿದದ್ದೆಲ್ಲ ಅದರಿಂದ ಜಾರಿದ್ದು. ‘ನನ್ನ ಡಾಕ್ಟರ್’ ಎಂದು ಬ್ರಿಟನ್ನಿನ ಜನ ಹೇಳುವಾಗ ಆ ‘ನನ್ನ’ ಎಂಬ ಪದಕ್ಕೆ ಬೀಳುವ ಒತ್ತನ್ನು ಗಮನಿಸಬೇಕು. ನಾಯಕ ಸಾಯದ ಈ ಧಾರಾವಾಹಿಯಲ್ಲಿ ಪ್ರತಿಯೊಬ್ಬ ವೀಕ್ಷಕನ ನಾಯಕನೂ ಒಂದಲ್ಲ ಒಂದು ದಿನ ಖಂಡಿತ ಸಾಯುತ್ತಾನೆ.

ಇದರ ಮೇಲೆ ನೆನಪಿನ ಆಟ ಬೇರೆ. ಅರವತ್ತರ ದಶಕದ ಎಷ್ಟೋ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು, ಫಿಲ್ಮ್ ಪ್ರತಿಗಳನ್ನು ಎಸೆಯಿತು; ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇಂದಿಗೂ ಸಿಕ್ಕಿಲ್ಲ. ಮೇಲೆ ಹೇಳಿದ ಮುಖ ಬದಲಾಗುವ ಕಂತೇ ಕಳೆದುಹೋಗಿದೆ. ಆ ಕೆಲವು ಕ್ಷಣಗಳನ್ನು 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಬಳಸಿಕೊಂಡಿದ್ದರಿಂದ ಅಷ್ಟಾದರೂ ಉಳಿಯಿತು. ಮತ್ತೆ ನೋಡಲು ಸಿಗದ ಕಥೆ ನೆನಪಿನಲ್ಲಿ ವರ್ಷದಿಂದ ವರ್ಷಕ್ಕೆ ಚೆಲುವಾಗುತ್ತ ಹೋಗುತ್ತದೆ. 1967ರ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಅಂಥದ್ದೊಂದು ದಂತಕಥೆಯಾಗಿತ್ತು. ಅದರ ನಾಲ್ಕೂ ಕಂತುಗಳು 1991ರ ಕೊನೆಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿ, ಮರುವರ್ಷ ವಿಡಿಯೊ ಕ್ಯಾಸೆಟ್ ಆಗಿ ಹೊರಬಂದಾಗ ಹಲವರು ಸಂಭ್ರಮಿಸಿದರು. ಇನ್ನು ಕೆಲವರು, ನಾವು ಇಷ್ಟು ವರ್ಷ ಹೊಗಳಿದ್ದು ಇದನ್ನೇನಾ ಎಂದು ಮುಖ ಮುಖ ನೋಡಿಕೊಂಡರು. ಸೈಬರ್‌ಮೆನ್ (ಅರೆಯಂತ್ರವಾದ ಮನುಷ್ಯರು) ಗೋರಿಯಿಂದ ಒಬ್ಬೊಬ್ಬರಾಗಿ ಎದ್ದುಬರುವ ದೃಶ್ಯ ಈಗಲೂ ಮೈ ನಡುಗಿಸುತ್ತದೆ ಎಂಬುದು ನಿಜ, ಆದರೆ ನಟನನ್ನು ಮೇಲಕ್ಕೆತ್ತಲು ಕಟ್ಟಿದ ತಂತಿ ಕಣ್ಣಿಗೆ ಬೀಳುತ್ತದೆ ಎಂಬುದೂ ಅಷ್ಟೇ ನಿಜ. ಹಿಂದಿನದು ಚೆನ್ನಾಗಿತ್ತು ಎನ್ನುವವರು ಎಷ್ಟೋ ಬಾರಿ ಹಿಂದಿನದನ್ನಲ್ಲ, ತಮ್ಮ ನೆನಪನ್ನು ಸಮರ್ಥಿಸುತ್ತಿರುತ್ತಾರೆ.

1976ರ ‘ದ ಡೆಡ್ಲಿ ಅಸಾಸಿನ್’ ಪ್ರಕರಣವನ್ನು ಲೇಖಕರು ಗಮನಿಸಿದ್ದರೆ ಅವರ ವಾದ ಬೇರೆ ದಾರಿ ಹಿಡಿಯುತ್ತಿತ್ತು. ಅದರ ಮೂರನೆಯ ಕಂತು ಡಾಕ್ಟರ್‌ನ ಮುಖವನ್ನು ನೀರಿನಲ್ಲಿ ಅದುಮಿ ಹಿಡಿದ ಚಿತ್ರದ ಮೇಲೆ ಸ್ತಬ್ಧವಾಗಿ ನಿಲ್ಲುತ್ತದೆ. ಮಕ್ಕಳು ಇಡೀ ವಾರ ಆ ಚಿತ್ರವನ್ನೇ ತಲೆಯಲ್ಲಿ ಹೊತ್ತು ತಿರುಗಬೇಕೇ ಎಂದು, ಟಿವಿಯಲ್ಲಿನ ಹಿಂಸೆಯ ವಿರುದ್ಧ ಚಳವಳಿ ನಡೆಸುತ್ತಿದ್ದ ಮೇರಿ ವೈಟ್‌ಹೌಸ್ ಎತ್ತಿದ ಆಕ್ಷೇಪಕ್ಕೆ ಬಿಬಿಸಿಯ ಮಹಾನಿರ್ದೇಶಕರೇ ಕ್ಷಮೆ ಕೇಳಿದರು. ಇದು ಹೊರಗಿನವರ ದೂರು. ಒಳಗಿನವರ ದೂರು ಇನ್ನೊಂದು ಬಗೆಯದು. ಡಾಕ್ಟರ್‌ನ ಕುಲದವರಾದ ಟೈಮ್ ಲಾರ್ಡ್‌ಗಳನ್ನು 1969ರಲ್ಲಿ ಮೊದಲ ಬಾರಿ ತೋರಿಸಿದಾಗ ಅವರು ದೇವತೆಗಳಷ್ಟು ದೂರದವರು, ಶೀತಲರು. ಬರಹಗಾರ ರಾಬರ್ಟ್ ಹೋಮ್ಸ್ ಅವರನ್ನು ಹರಟೆ ಹೊಡೆಯುವ, ಸೊಂಟ ನೋವೆಂದು ನರಳುವ, ಒಳಸಂಚು ಹೂಡುವ ಮುದುಕರನ್ನಾಗಿ ಮಾಡಿಬಿಟ್ಟರು. ಆಗಷ್ಟೇ ಸಂಘ ಕಟ್ಟಿಕೊಂಡಿದ್ದ ಅಭಿಮಾನಿಗಳ ಅಧ್ಯಕ್ಷರೇ ಈ ಧಾರಾವಾಹಿಯ ಮಾಂತ್ರಿಕತೆ ಎಲ್ಲಿ ಹೋಯಿತು ಎಂದು ಕಟುವಾಗಿ ಬರೆದರು. ಇಂದು ಅದೇ ಕಥೆಯನ್ನು ಶ್ರೇಷ್ಠ ಕಥೆಗಳ ಸಾಲಿನಲ್ಲಿಡುತ್ತಾರೆ. ಟೈಮ್ ಲಾರ್ಡ್ ಹನ್ನೆರಡು ಬಾರಿ ಮಾತ್ರ ರೂಪ ಬದಲಿಸಬಲ್ಲ ಎಂಬ ನಿಯಮವೂ ಅದೇ ಕಥೆಯಲ್ಲಿ ಹುಟ್ಟಿದ್ದು. ಸಂಪ್ರದಾಯ ಕೆಡಿಸಿದ ಕಥೆಯ ಒಂದು ಸಾಲು ಮುಂದೆ ಸಂಪ್ರದಾಯವಾಗಿ, ಅದನ್ನು ಮುಟ್ಟಿದವರ ಮೇಲೆ ಜನ ಹರಿಹಾಯುವಂತಾಯಿತು.

ಇನ್ನು ಲೇಖನದಲ್ಲಿ ಖಳನಾಯಕರಂತೆ ಕಾಣಿಸಿಕೊಂಡಿರುವ ಕ್ರಿಸ್ ಚಿಬ್‌ನಲ್ ಅವರ ವಿಷಯ. 2018ರಿಂದ 2022ರವರೆಗೆ ಧಾರಾವಾಹಿಯ ಹೊಣೆ ಹೊತ್ತಿದ್ದ ಈ ಬರಹಗಾರ 1986ರಲ್ಲಿ ಹದಿಹರೆಯದ ಹುಡುಗ. ವೀಕ್ಷಕರು ಬಿಬಿಸಿಯನ್ನು ನೇರವಾಗಿ ಪ್ರಶ್ನಿಸಲು ಅವಕಾಶವಿದ್ದ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಅಭಿಮಾನಿಗಳ ಪರವಾಗಿ ಕೂತು, ಆ ವರ್ಷದ ಕಥೆ ಸವಕಲಾಗಿದೆ ಎಂದು ಅದರ ಬರಹಗಾರರಾದ ಪಿಪ್ ಮತ್ತು ಜೇನ್ ಬೇಕರ್ ದಂಪತಿಯ ಎದುರಿನಲ್ಲೇ ಈತ ಹೇಳಿದ್ದ. ಆ ದೃಶ್ಯದ ತುಣುಕನ್ನು ನಾನು ನೋಡಿದ್ದೇನೆ. ಹುಡುಗನ ಮಾತು ಸೌಜನ್ಯದ್ದೇ, ಆದರೆ ರಿಯಾಯಿತಿ ಇಲ್ಲ. ಅನುಭವಿ ಬರಹಗಾರರ ಮುಖ ಬಿಗಿಯುವುದು ಕಾಣುತ್ತದೆ. ಮೂವತ್ತಮೂರು ವರ್ಷಗಳ ಬಳಿಕ ಅದೇ ಹುಡುಗನ ಬಗ್ಗೆ ಅದೇ ಮಾತನ್ನು ಬೇರೆ ಹುಡುಗರು ಆಡುತ್ತಿದ್ದರು. ಈತನಿಗೆ ಮುಂಚೆ ಇದೇ ಹೊಣೆ ಹೊತ್ತಿದ್ದ ರಸೆಲ್ ಟಿ. ಡೇವಿಸ್, ಸ್ಟೀವನ್ ಮಾಫಟ್ ಕೂಡ ಬಾಲ್ಯದಿಂದ ಈ ಧಾರಾವಾಹಿಯ ಗೀಳು ಹಿಡಿಸಿಕೊಂಡವರು. ಹನ್ನೆರಡನೆಯ ಡಾಕ್ಟರ್ ಪೀಟರ್ ಕಪಾಲ್ಡಿ ಹುಡುಗನಾಗಿದ್ದಾಗ ಇದನ್ನು ಹೊಗಳಿ ‘ರೇಡಿಯೊ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ 1974ರಲ್ಲಿ ಅಚ್ಚಾಗಿತ್ತು (ಸಂಪಾದಕರಿಗೆ ಪತ್ರ ಬರೆಯುವ ನನ್ನಂಥವರಿಗೆ ಇದೊಂದು ಸಮಾಧಾನ). ಅಂದರೆ 2005ರಿಂದ ಈಚೆಗೆ ಇದನ್ನು ಬರೆಯುತ್ತಿರುವವರೇ ಹಿಂದಿನ ಜಗಳಗಂಟ ವೀಕ್ಷಕರು. ಪ್ರತಿಯೊಬ್ಬರೂ ತಾವು ಬಾಲ್ಯದಲ್ಲಿ ಕಂಡ ಡಾಕ್ಟರ್‌ಗೆ ನ್ಯಾಯ ಒದಗಿಸಲು ಬರುತ್ತಾರೆ, ಹಿಂದಿನವರು ಮಾಡಿದ್ದಕ್ಕೆ ಉತ್ತರ ಕೊಡುತ್ತಾರೆ. ವೀಕ್ಷಕರ ನಡುವಿನ ವಾಗ್ವಾದ ಧಾರಾವಾಹಿಯ ಹೊರಗೆ ನಡೆಯುತ್ತಿಲ್ಲ. ಅದು ನಡೆಯುತ್ತಿರುವುದು ತೆರೆಯ ಮೇಲೆಯೇ.

2020ರ ಮಾರ್ಚ್ 1ರಂದು ಪ್ರಸಾರವಾದ ‘ದ ಟೈಮ್‌ಲೆಸ್ ಚಿಲ್ಡ್ರನ್’ ಕಂತು ಇದಕ್ಕೆ ಸಾಕ್ಷಿ. ಡಾಕ್ಟರ್ ಹುಟ್ಟಿನಿಂದ ಟೈಮ್ ಲಾರ್ಡ್ ಅಲ್ಲ, ಎಲ್ಲಿಂದಲೋ ಬಂದ ಅನಾಥ ಮಗು. ರೂಪ ಬದಲಿಸುವ ಶಕ್ತಿಯನ್ನು ಆ ಕುಲದವರು ಪಡೆದದ್ದೇ ಆ ಮಗುವಿನಿಂದ. ಹಾರ್ಟ್‌ನೆಲ್‌ಗಿಂತ ಮುಂಚೆ ಎಷ್ಟೋ ಜನ್ಮಗಳು ಆಗಿಹೋಗಿದ್ದವು ಎಂದು ಅದರಲ್ಲಿ ಹೇಳಲಾಯಿತು. ಐವತ್ತಾರು ವರ್ಷಗಳ ಇತಿಹಾಸಕ್ಕೆ ಮಸಿ ಬಳಿದರು ಎಂದು ಗುಲ್ಲೆದ್ದಿತು. ಆದರೆ ಹಾರ್ಟ್‌ನೆಲ್‌ಗೂ ಹಿಂದಿನ ಮುಖಗಳು ಚಿಬ್‌ನಲ್ ಅವರ ಸೃಷ್ಟಿಯಲ್ಲ. 1976ರ ಜನವರಿಯ ‘ದ ಬ್ರೈನ್ ಆಫ್ ಮಾರ್ಬಿಯಸ್’ ಕಥೆಯಲ್ಲಿ ಇಬ್ಬರ ಮನಸ್ಸುಗಳ ಸೆಣಸಾಟದ ನಡುವೆ ಡಾಕ್ಟರ್‌ನ ಹಳೆಯ ಮುಖಗಳು ಒಂದೊಂದಾಗಿ ಮೂಡಿ, ಹಾರ್ಟ್‌ನೆಲ್ ಆದ ಮೇಲೂ ಇನ್ನೂ ಎಂಟು ಮುಖಗಳು ಬರುತ್ತವೆ. ನಿರ್ಮಾಪಕ, ನಿರ್ದೇಶಕ, ಬರಹಗಾರರೇ ಹಳೆಯ ಕಾಲದ ಉಡುಪು ತೊಟ್ಟು ತೆಗೆಸಿಕೊಂಡ ಚಿತ್ರಗಳು ಅವು! ಹನ್ನೆರಡರ ಮಿತಿಯೂ ಈ ಎಂಟು ಮುಖಗಳೂ ಒಂದೇ ವರ್ಷದಲ್ಲಿ ಬಂದವು. ಯಾವುದು ಅಧಿಕೃತ ಎಂದು ಬಿಬಿಸಿ ಎಂದೂ ತೀರ್ಪು ಕೊಡಲಿಲ್ಲವಾದ್ದರಿಂದ ಪ್ರತಿಯೊಬ್ಬ ಅಭಿಮಾನಿಯೂ ತನಗೆ ಬೇಕಾದ ಸಾಲನ್ನು ಹಿಡಿದು ವಾದಿಸಬಹುದು.

ಹಾಗೆಂದು ಆ ಕಂತನ್ನು ನಾನು ಮೆಚ್ಚಿದೆನೆಂದು ತಿಳಿಯಬಾರದು. ನನಗೂ ಅದು ಹಿಡಿಸಲಿಲ್ಲ. ನಿಯಮ ಮುರಿದದ್ದು ಅದಕ್ಕೆ ಕಾರಣವಲ್ಲ. ತನ್ನ ಜನರ ನಿರ್ಲಿಪ್ತತೆಗೆ ಬೇಸತ್ತು, ಕೆಟ್ಟು ನಿಂತಿದ್ದ ಹಳೆಯ ಯಂತ್ರವೊಂದನ್ನು ಕದ್ದು ಓಡಿಬಂದ ಒಬ್ಬ ಸಾಮಾನ್ಯ ಟೈಮ್ ಲಾರ್ಡ್, ದಾರಿಯಲ್ಲಿ ಸಿಕ್ಕವರ ಸಹವಾಸದಿಂದ ಒಳ್ಳೆಯವನಾಗುತ್ತ ಹೋದ ಎಂಬುದರಲ್ಲಿ ಈ ಪಾತ್ರದ ಸೊಗಸಿತ್ತು. ಆತ ಹುಟ್ಟಿನಿಂದಲೇ ಅಸಾಮಾನ್ಯ ಎಂದಾಗ, ತಾನಾಗಿ ಆರಿಸಿಕೊಂಡ ಬದುಕಿಗಿಂತ ಹುಟ್ಟು ದೊಡ್ಡದಾಗುತ್ತದೆ. ಜೊತೆಗೆ, ಈ ದೊಡ್ಡ ಸಂಗತಿಯನ್ನು ಡಾಕ್ಟರ್ (ಆ ಹೊತ್ತಿಗೆ ಡಾಕ್ಟರ್ ಹೆಣ್ಣಾಗಿದ್ದಳು, ನಟಿ ಜೋಡಿ ವಿಟ್ಟೇಕರ್) ಕಂಡುಹಿಡಿಯುವುದಿಲ್ಲ. ಕಟ್ಟಿಹಾಕಿ ನಿಲ್ಲಿಸಿದ ಆಕೆಗೆ ಶತ್ರು ಉದ್ದುದ್ದ ವಿವರಿಸುತ್ತಾನೆ. ಅದು ಕಥನದ ಸೋಲು.

ರಾಜಕೀಯದ ವಿಷಯದಲ್ಲಿ ಲೇಖಕರು ಪೂರ್ತಿ ತಪ್ಪಿದ್ದಾರೆ ಎನ್ನಲಾರೆ, ಆದರೆ ಕಾಲವನ್ನು ತಪ್ಪಾಗಿ ಹೇಳಿದ್ದಾರೆ. 1977ರ ‘ದ ಸನ್ ಮೇಕರ್ಸ್’ ತೆರಿಗೆ ಇಲಾಖೆಯ ಮೇಲಿನ ವಿಡಂಬನೆ. 1988ರ ‘ದ ಹ್ಯಾಪಿನೆಸ್ ಪಟ್ರೋಲ್’ ಕಥೆಯ ಸರ್ವಾಧಿಕಾರಿಣಿಯಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಛಾಯೆಯನ್ನು ಕಾಣದವರಿಲ್ಲ. 1973ರ ‘ದ ಗ್ರೀನ್ ಡೆತ್’ ಅಂತೂ ಪರಿಸರ ಚಳವಳಿಯ ಕೂಸು: ವೇಲ್ಸ್‌ನ ಕಲ್ಲಿದ್ದಲ ಗಣಿಯೊಳಗೆ ರಾಸಾಯನಿಕ ಕಂಪನಿಯೊಂದು ಸುರಿದ ವಿಷದಿಂದ ದೈತ್ಯ ಹುಳುಗಳು ಹುಟ್ಟುತ್ತವೆ. ಅದನ್ನು ನೋಡಿ ಬೆಳೆದವರು ಇಂದಿಗೂ ‘ಆ ಹುಳುಗಳ ಕಥೆ’ ಎಂದೇ ಗುರುತಿಸುತ್ತಾರೆ. ರಾಜಕೀಯ ಹುಳುವಿನ ಹೊಟ್ಟೆಯೊಳಗಿತ್ತು. ಕೊನೆಯಲ್ಲಿ ಡಾಕ್ಟರ್‌ನ ಜೊತೆಗಾತಿ ಜೋ ತಾನು ಮೆಚ್ಚಿದ ಯುವ ವಿಜ್ಞಾನಿಯನ್ನು ಮದುವೆಯಾಗುವುದಾಗಿ ಹೇಳುತ್ತಾಳೆ. ಎಲ್ಲರೂ ಸಂಭ್ರಮಿಸುತ್ತಿರುವಾಗ ಡಾಕ್ಟರ್ ತನ್ನ ಗ್ಲಾಸನ್ನು ಬರಿದು ಮಾಡಿ, ಯಾರಿಗೂ ಹೇಳದೆ ಹೊರಬಂದು, ಮುಸ್ಸಂಜೆಯ ಮಬ್ಬಿನಲ್ಲಿ ಒಬ್ಬನೇ ಕಾರು ನಡೆಸಿಕೊಂಡು ಹೊರಟುಹೋಗುತ್ತಾನೆ. ಆ ದೃಶ್ಯದಲ್ಲಿ ಒಂದು ಮಾತೂ ಬೇಕಿರಲಿಲ್ಲ. ಇದರ ಪಕ್ಕದಲ್ಲಿ 2020ರ ‘ಆರ್ಫನ್ 55’ ಇಟ್ಟು ನೋಡಿ. ಹಾಳುಬಿದ್ದ ಗ್ರಹ ನಮ್ಮ ಭೂಮಿಯೇ ಎಂದು ತಿಳಿದ ಮೇಲೆ, ಎಚ್ಚೆತ್ತುಕೊಳ್ಳಿ ಎಂದು ಡಾಕ್ಟರ್ ನೇರವಾಗಿ ಭಾಷಣ ಮಾಡುತ್ತಾಳೆ. ಎರಡು ಕಥೆಗಳ ಅಭಿಪ್ರಾಯ ಒಂದೇ. ಒಂದು ತೋರಿಸಿತು, ಇನ್ನೊಂದು ಹೇಳಿತು. ಸಿಟ್ಟಿಗೆದ್ದ ವೀಕ್ಷಕರಲ್ಲಿ ಒಂದು ಪಾಲಿನವರ ತಕರಾರು ಇರುವುದು ಅಭಿಪ್ರಾಯದ ಬಗ್ಗೆಯಲ್ಲ, ಈ ವ್ಯತ್ಯಾಸದ ಬಗ್ಗೆ. ಅವರನ್ನು ಉಳಿದವರೊಡನೆ ಸೇರಿಸಿ ಒಂದೇ ಗುಂಪು ಎನ್ನುವುದು ಸರಿಯಲ್ಲ.

ಉಳಿದವರು ಎಂದರೆ, ಜೋಡಿ ವಿಟ್ಟೇಕರ್ ಆಯ್ಕೆಯಾದ ದಿನವೇ, ಒಂದು ದೃಶ್ಯವನ್ನೂ ನೋಡುವ ಮೊದಲೇ, ಡಾಕ್ಟರ್ ಹೆಣ್ಣಾಗಕೂಡದು ಎಂದವರು. ಅವರಿಗೆ ಉತ್ತರ ಕೊಡಲು ನಾನು ಬೇಕಿಲ್ಲ. ಧಾರಾವಾಹಿಯನ್ನು ಹುಟ್ಟುಹಾಕಿದ ಅದೇ ಸಿಡ್ನಿ ನ್ಯೂಮನ್ 1986ರಲ್ಲಿ ಬಿಬಿಸಿಯ ಮೈಕೆಲ್ ಗ್ರೇಡ್ ಅವರಿಗೆ ಬರೆದ ಪತ್ರದಲ್ಲಿ, ಮುಂದೆ ಡಾಕ್ಟರ್‌ನನ್ನು ಹೆಣ್ಣಾಗಿ ರೂಪಾಂತರಿಸಬೇಕೆಂದು ಸೂಚಿಸಿದ್ದರು.

ವಿಟ್ಟೇಕರ್ ಅವರ ಕಾಲದ ಒಂದು ಕಂತನ್ನು ಮಾತ್ರ ಹೆಸರಿಸದೆ ಬಿಡಲಾರೆ. 2018ರ ನವೆಂಬರ್‌ನಲ್ಲಿ ಬಂದ, ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದ ಪಂಜಾಬ್’ ದೇಶ ವಿಭಜನೆಯ ದಿನಗಳಲ್ಲಿ ನಡೆಯುತ್ತದೆ. ಜೊತೆಗಾತಿ ಯಾಸ್‌ಳ ಅಜ್ಜಿ ಉಂಬ್ರೀನ್ ತರುಣಿಯಾಗಿದ್ದಾಗ ಪ್ರೇಮ್ ಎಂಬ ಹಿಂದೂ ಯುವಕನನ್ನು ಮದುವೆಯಾಗುತ್ತಾಳೆ; ಅವನ ಸಾವಿಗೆ ಸ್ವಂತ ತಮ್ಮನೇ ಕಾರಣನಾಗುತ್ತಾನೆ. ಕೊಲೆಗಾರರೆಂದು ನಾವು ಶಂಕಿಸಿದ್ದ ಅನ್ಯಗ್ರಹದವರು, ಒಂಟಿಯಾಗಿ ಸಾಯುವವರ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲಲು ಬಂದವರೆಂದು ತಿಳಿಯುತ್ತದೆ. ಗುಂಡಿನ ಸದ್ದು ಕೇಳುವಾಗ ಡಾಕ್ಟರ್ ಬೆನ್ನು ತಿರುಗಿಸಿ ನಡೆಯುತ್ತಿರುತ್ತಾಳೆ. ಏನೂ ಮಾಡದ ಡಾಕ್ಟರ್ ಯಾತಕ್ಕೆ ಎಂದು ಹಲವರು ಮೂಗುಮುರಿದರು. ಆದರೆ 1964ರ ಅಜ್ಟೆಕ್ ಕಥೆಯಲ್ಲಿ ನರಬಲಿಯನ್ನು ನಿಲ್ಲಿಸಲು ಹೊರಟ ಇತಿಹಾಸದ ಅಧ್ಯಾಪಕಿ ಬಾರ್ಬರಾ ಸೋತದ್ದೂ, ಇತಿಹಾಸವನ್ನು ಬದಲಿಸಲಾಗದೆಂಬ ಇದೇ ಗೋಡೆಗೆ ತಲೆ ಬಡಿದು. ಹಳೆಯದಕ್ಕೆ ಇಷ್ಟು ಹತ್ತಿರವಾದ ಕಂತನ್ನು ಹಳೆಯದರ ಹೆಸರಿನಲ್ಲೇ ತಳ್ಳಿಹಾಕಿದ್ದು ನನಗೆ ಇಂದಿಗೂ ಸೋಜಿಗ.

ಇನ್ನೊಂದು ಕಾರಣ ದುಡ್ಡಿಗೆ ಸಂಬಂಧಿಸಿದ್ದು. ಬಿಬಿಸಿ ನಡೆಯುವುದು ಬ್ರಿಟನ್ನಿನ ಮನೆಗಳು ಕಟ್ಟುವ ಪರವಾನಗಿ ಶುಲ್ಕದಿಂದ. ಆದ್ದರಿಂದ ಶನಿವಾರ ಸಂಜೆಯ ಒಂದೇ ಹೊತ್ತಿನಲ್ಲಿ ಮಗುವೂ ಅಜ್ಜಿಯೂ ಐವತ್ತು ವರ್ಷದ ಅಭಿಮಾನಿಯೂ ತೃಪ್ತರಾಗಬೇಕು. ತೃಪ್ತಿಯಾಗದವರಿಗೆ ಇದು ನಮ್ಮ ಹಣ ಎಂದು ಹೇಳುವ ಹಕ್ಕು ಬೇರೆ. 2023ರಲ್ಲಿ ಡಿಸ್ನಿ ಕೈಜೋಡಿಸಿದಾಗ ಹಣ ಹೆಚ್ಚಿತು, ಆದರೆ ಇದು ಯಾರಿಗಾಗಿ ಎಂಬ ಪ್ರಶ್ನೆ ಇನ್ನೂ ಗೋಜಲಾಯಿತು. ಆ ಒಪ್ಪಂದ ಎರಡು ಸರಣಿಗಳಾಚೆ ಮುಂದುವರಿಯಲಿಲ್ಲ.

2025ರ ಮೇ 31ರಂದು ಎರಡನೆಯ ಸರಣಿಯ ಕೊನೆಯ ಕಂತಿನಲ್ಲಿ ಶೂಟಿ ಗಾಟ್ವಾ ಅವರ ಡಾಕ್ಟರ್ ಬೆಳಕಿನಲ್ಲಿ ಕರಗಿದಾಗ ಕಾಣಿಸಿದ್ದು ಬಿಲ್ಲಿ ಪೈಪರ್ ಮುಖ. 2005ರಲ್ಲಿ ಡಾಕ್ಟರ್‌ನ ಜೊತೆಗಾತಿ ರೋಸ್ ಆಗಿ ಈ ಧಾರಾವಾಹಿಗೆ ಮರುಜೀವ ತಂದವರಲ್ಲಿ ಒಬ್ಬರು ಇವರು. ಕೊನೆಯ ಹೆಸರುಪಟ್ಟಿಯಲ್ಲಿ ಆಕೆಯ ಹೆಸರಿತ್ತು, ಯಾವ ಪಾತ್ರ ಎಂದು ಮಾತ್ರ ಬರೆದಿರಲಿಲ್ಲ. ಆಕೆ ಡಾಕ್ಟರ್ ಹೌದೋ ಅಲ್ಲವೋ ಎಂಬ ವಾದ ಆ ಹೆಸರುಗಳು ತೆರೆಯ ಮೇಲೆ ಓಡಿ ಮುಗಿಯುವ ಮೊದಲೇ ಶುರುವಾಗಿತ್ತು.

ಇತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ